ಮಲಗಿರುವವರಿಗೆ ಕಲಿಸಿದ ಧ್ಯಾನ: ಒಬ್ಬ ಭಿಕ್ಖುವಿನ ಅನುಭವ

ಥೇರವಾದವೆಂಬ ಬೌದ್ಧ ಪರಂಪರೆಯ ಭಿಕ್ಖುಗಳು, ಅಂದರೆ ಸನ್ಯಾಸಿಗಳು, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಉಪೋಸಥವೆಂಬ ವ್ರತದ ದಿನ ಒಂದೆಡೆ ಸೇರಿ ಪಾತಿಮೋಕ್ಖವೆಂಬ ತಮ್ಮ ನಿಯಮಾವಳಿಯ 227 ನಿಯಮಗಳನ್ನು ಪಠಿಸುತ್ತಾರೆ. ಅವುಗಳಲ್ಲಿ ಸೇಖಿಯ ಎಂದು ಕರೆಯುವ 75 ನಿಯಮಗಳು ನಡೆನುಡಿಯ ಶಿಸ್ತಿಗೆ ಸಂಬಂಧಿಸಿದವು. ಆ 75ರಲ್ಲಿ 16 ನಿಯಮಗಳು ಎಂಥ ಸ್ಥಿತಿಯಲ್ಲಿರುವವರಿಗೆ ಧರ್ಮವನ್ನು ಬೋಧಿಸಬಾರದು ಎಂಬುದನ್ನು ಹೇಳುತ್ತವೆ. ಕೈಯಲ್ಲಿ ಕೊಡೆಯನ್ನೋ ಆಯುಧವನ್ನೋ ಹಿಡಿದವನಿಗೆ, ವಾಹನದಲ್ಲಿ ಕುಳಿತವನಿಗೆ, ಬೋಧಕನಿಗಿಂತ ಎತ್ತರದ ಆಸನದಲ್ಲಿರುವವನಿಗೆ, ಮಲಗಿರುವವನಿಗೆ ಬೋಧಿಸಬಾರದು. ದೀಕ್ಷೆಯಾದ ಹೊಸದರಲ್ಲಿ ಇವನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು, ಧರ್ಮಕ್ಕೆ ಸಲ್ಲಬೇಕಾದ ಗೌರವವನ್ನು ಕಾಪಾಡುವ ನಿಯಮಗಳಿವು ಎಂದಷ್ಟೇ ತಿಳಿದಿದ್ದೆ. ಆದರೆ ಈ 16 ನಿಯಮಗಳಲ್ಲೂ ‘ಅಗಿಲಾನಸ್ಸ’ ಎಂಬ ಒಂದು ಪದ ಬರುತ್ತದೆ. ರೋಗಿಯಲ್ಲದವನಿಗೆ ಎಂದು ಅದರ ಅರ್ಥ. ರೋಗಿ ಮಲಗಿದ್ದರೂ ಅವನಿಗೆ ಬೋಧಿಸಬಹುದು ಎಂಬ ಅನುಮತಿ ಆ ಒಂದು ಪದದೊಳಗಿದೆ. ತಿಂಗಳಿಗೆ ಎರಡು ಸಲ ಅದನ್ನು ಉಚ್ಚರಿಸುತ್ತಲೇ ಇದ್ದರೂ ಅದರ ತೂಕ ನನಗೆ ತಿಳಿದದ್ದು ಭಿಕ್ಖುವಾಗಿ ಹನ್ನೆರಡು ವರ್ಷಾವಾಸಗಳು, ಅಂದರೆ ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ಹನ್ನೆರಡು ಅವಧಿಗಳು, ಕಳೆದ ಮೇಲೆ.

ನನ್ನ ತರಬೇತಿಯ ಬಗ್ಗೆ ಇಲ್ಲಿ ಬೇಕಾದಷ್ಟನ್ನೇ ಹೇಳುತ್ತೇನೆ. ಹತ್ತು ಶೀಲಗಳನ್ನು ಪಾಲಿಸುವ ಸಾಮಣೇರನಾಗಿ, ಅಂದರೆ ಕಿರಿಯ ಸನ್ಯಾಸಿಯಾಗಿ, ವಿಹಾರವನ್ನು ಸೇರಿ, ಇಪ್ಪತ್ತು ವರ್ಷ ತುಂಬಿದ ಮೇಲೆ ಉಪಸಂಪದೆಯೆಂಬ ಪೂರ್ಣ ದೀಕ್ಷೆಯನ್ನು ಪಡೆದೆ. ಹೊಸ ಭಿಕ್ಖು ಕನಿಷ್ಠ ಐದು ವರ್ಷ ಗುರುವಿನ ಆಶ್ರಯದಲ್ಲಿರಬೇಕೆಂದು ಭಿಕ್ಖುಗಳ ಶಿಸ್ತಿನ ಗ್ರಂಥವಾದ ವಿನಯ ಹೇಳುತ್ತದೆ. ನಾನು ಅದಕ್ಕಿಂತ ಹೆಚ್ಚು ಕಾಲ ಅಲ್ಲೇ ಇದ್ದೆ. ನನ್ನ ಗುರುಗಳು ಬರ್ಮಾದ ಮಹಾಸಿ ಸಯಾಡೊ (1904–1982) ಅವರು ಬೋಧಿಸಿದ ವಿಧಾನದಲ್ಲಿ ಪಳಗಿದವರು. ಉಸಿರಾಡುವಾಗ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ಗಮನಿಸುವುದು, ನೋವು ಬಂದರೆ ನೋವನ್ನೂ ಯೋಚನೆ ಬಂದರೆ ಯೋಚನೆಯನ್ನೂ ಗುರುತಿಸುವುದು, ಒಂದು ಗಂಟೆ ಕುಳಿತರೆ ಒಂದು ಗಂಟೆ ನಡೆಯುವುದು, ದಿನಕ್ಕೊಮ್ಮೆ ಗುರುವಿನ ಮುಂದೆ ಕುಳಿತು ಕಂಡದ್ದನ್ನು ಕಂಡಂತೆ ವರದಿ ಮಾಡುವುದು, ಇದು ನಮ್ಮ ಅಭ್ಯಾಸದ ಕ್ರಮವಾಗಿತ್ತು. ಹತ್ತು ವರ್ಷಾವಾಸಗಳನ್ನು ಪೂರೈಸಿ ಥೇರ, ಅಂದರೆ ಹಿರಿಯ ಭಿಕ್ಖು, ಎನಿಸಿಕೊಂಡ ವರ್ಷ ಗುರುಗಳು ನನ್ನನ್ನು ಕರೆದು, ವಾರಕ್ಕೆರಡು ಸಂಜೆ ಗೃಹಸ್ಥರಿಗೆ ಧ್ಯಾನವನ್ನು ಕಲಿಸುವ ಹೊಣೆಯನ್ನು ಒಪ್ಪಿಸಿದರು. ಹೇಗೆ ಕಲಿಸಬೇಕೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಮೊದಲ ಎರಡು ವರ್ಷ ನಾನು ಕಲಿಸಿದ ರೀತಿಯನ್ನು ಈಗ ನೆನೆದರೆ ನೋವಾಗುತ್ತದೆ. ಉಸಿರಿನ ಮೇಲೆ ಗಮನವಿಡುವುದನ್ನು ಕುರಿತ ಆನಾಪಾನಸತಿ ಸುತ್ತದಲ್ಲಿ (ಸುತ್ತವೆಂದರೆ ಬುದ್ಧನ ಕಾಲದ ಉಪದೇಶದ ಪಠ್ಯ) ಈ ಧ್ಯಾನಕ್ಕೆ ಹದಿನಾರು ಹಂತಗಳಿವೆ, ಅವು ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ಗುಂಪುಗಳಾಗಿ ಬರುತ್ತವೆ. ಆ ಹದಿನಾರನ್ನೂ ನಾನು ಮೊದಲ ದಿನವೇ ವಿವರಿಸುತ್ತಿದ್ದೆ. ಬಳಿಕ ಎಲ್ಲರನ್ನೂ ನೆಲದ ಮೇಲೆ ನಲವತ್ತೈದು ನಿಮಿಷ ಕೂರಿಸಿ, ಅಲುಗಾಡಬಾರದೆಂದು ಹೇಳುತ್ತಿದ್ದೆ. ಮೂವತ್ತು ಜನ ಬಂದರೆ ಮೂರನೆಯ ವಾರದ ಹೊತ್ತಿಗೆ ಎಂಟು ಜನ ಉಳಿಯುತ್ತಿದ್ದರು. ಉಳಿದವರಿಗೆ ಶ್ರದ್ಧೆಯಿದೆ, ಹೋದವರಿಗೆ ಇಲ್ಲ ಎಂದು ನಾನು ಲೆಕ್ಕ ಹಾಕಿಕೊಳ್ಳುತ್ತಿದ್ದೆ. ಯಾರು ಯಾಕೆ ಹೋದರೆಂದು ಒಬ್ಬರನ್ನೂ ವಿಚಾರಿಸಲಿಲ್ಲ.

ಉಳಿದ ಎಂಟು ಜನರಲ್ಲಿ ಒಬ್ಬರು ನಿವೃತ್ತ ಅಧ್ಯಾಪಕರು. ಒಂದು ಸಂಜೆಯನ್ನೂ ತಪ್ಪಿಸದವರು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರು. ಶ್ವಾಸಕೋಶದ ಕಾಯಿಲೆ ಉಲ್ಬಣಿಸಿ ಹಾಸಿಗೆ ಹಿಡಿದಿದ್ದಾರೆಂದು ಕೆಲವು ವಾರಗಳ ಬಳಿಕ ಮನೆಯವರು ಹೇಳಿ ಕಳಿಸಿದಾಗ ನಾನು ಅವರನ್ನು ನೋಡಲು ಹೋದೆ. ಹಾಸಿಗೆಯ ಪಕ್ಕದಲ್ಲಿ ಕುಳಿತು ಸುಮಾರು ಮುಕ್ಕಾಲು ಗಂಟೆ ಅನಿತ್ಯದ ಬಗ್ಗೆ ಮಾತನಾಡಿದೆ. ಆಮೇಲೆ, ನೀವು ಇಷ್ಟು ಕಾಲ ಅಭ್ಯಾಸ ಮಾಡಿದ್ದು ಈ ಗಳಿಗೆಗಾಗಿಯೇ, ಈಗ ಉಸಿರನ್ನು ಬಿಡದೆ ಗಮನಿಸಿ ಎಂದೆ. ಅವರು ಕಣ್ಣು ಮುಚ್ಚಿಕೊಂಡು, ನಿಧಾನವಾಗಿ ಗೋಡೆಯ ಕಡೆಗೆ ಹೊರಳಿದರು. ಧ್ಯಾನಕ್ಕೆ ಮುಖ ಮಾಡಿದರೆಂದು ನಾನು ತಿಳಿದುಕೊಂಡೆ. ಹೊರಡುವಾಗ ಅವರ ಮಗಳು ಬಾಗಿಲವರೆಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದರು: “ಭಂತೆ, ಉಸಿರನ್ನು ನೋಡಿ ಎಂದು ಅಪ್ಪನಿಗೆ ಇನ್ನು ಹೇಳಬೇಡಿ. ಈಗ ಅವರಿಗೆ ಉಸಿರಿನದೇ ಭಯ.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪ್ರತಿ ಉಸಿರಿಗೂ ಹೆಣಗಾಡುತ್ತಿರುವ ಮನುಷ್ಯನಿಗೆ ಅದೇ ಉಸಿರಿನ ಮೇಲೆ ಗಮನವಿಡಲು ಹೇಳಿದರೆ ಅವನ ದಿಗಿಲು ಹೆಚ್ಚುತ್ತದೆ ಎಂಬುದು ಯಾವ ಶಾಸ್ತ್ರದ ನೆರವೂ ಇಲ್ಲದೆ ತಿಳಿಯಬೇಕಾದ ಸಂಗತಿ. ನನಗೆ ತಿಳಿಯದೆ ಹೋದದ್ದೇಕೆಂದರೆ ನಾನು ಅವರನ್ನು ಏನನ್ನೂ ಕೇಳಿರಲಿಲ್ಲ. ಮರುದಿನ ಇಂಥ ಸುತ್ತಗಳ ಸಂಗ್ರಹವಾದ ಮಜ್ಝಿಮ ನಿಕಾಯವನ್ನು ತೆರೆದು, ಹಾಸಿಗೆ ಹಿಡಿದ ಗೃಹಸ್ಥ ಅನಾಥಪಿಂಡಿಕನ ಬಳಿಗೆ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ಹೋಗುವ ಸುತ್ತವನ್ನು ಮತ್ತೆ ಓದಿದೆ. ಅಲ್ಲಿ ಸಾರಿಪುತ್ತನ ಮೊದಲ ಮಾತು ಬೋಧನೆಯಲ್ಲ, ಪ್ರಶ್ನೆ. ಸಹಿಸಿಕೊಳ್ಳುವಂತಿದೆಯೇ, ನೋವು ಇಳಿಯುತ್ತಿದೆಯೇ ಅಥವಾ ಏರುತ್ತಿದೆಯೇ ಎಂದು ಆತ ಕೇಳುತ್ತಾನೆ. ಅನಾಥಪಿಂಡಿಕ ತನ್ನ ತಲೆನೋವನ್ನು, ಹೊಟ್ಟೆಯ ಕತ್ತರಿಸುವಂಥ ನೋವನ್ನು, ಮೈಯ ಉರಿಯನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾನೆ. ಅದನ್ನೆಲ್ಲ ಕೇಳಿದ ಮೇಲೆಯೇ ಬೋಧನೆ ಆರಂಭವಾಗುತ್ತದೆ. ರೋಗಿಯನ್ನು ಕಾಣಲು ಹೋದ ಹಲವು ಪ್ರಸಂಗಗಳಲ್ಲಿ ಬುದ್ಧನೂ ಅವನ ಹಿರಿಯ ಶಿಷ್ಯರೂ ಈ ಪ್ರಶ್ನೆಯನ್ನೇ ಕೇಳುವುದನ್ನು ಸುತ್ತಗಳಲ್ಲಿ ಕಾಣಬಹುದು. ಅದು ಪುನರಾವರ್ತನೆಯಾಗುವ ಪಠ್ಯಭಾಗವಾದ್ದರಿಂದ ನಾನು ಅದನ್ನು ಕಣ್ಣಾಡಿಸಿ ದಾಟಿಬಿಡುತ್ತಿದ್ದೆ.

ಆ ಸುತ್ತದ ಕೊನೆಯಲ್ಲಿ ಅನಾಥಪಿಂಡಿಕ ಅಳುತ್ತಾನೆ. ಬುದ್ಧನನ್ನೂ ಸಂಘವನ್ನೂ ಬಹುಕಾಲ ಸೇವಿಸಿದರೂ ಇಂಥ ಮಾತನ್ನು ತಾನು ಎಂದೂ ಕೇಳಿರಲಿಲ್ಲವೆಂದು ಅವನು ಹೇಳಿದಾಗ, ಬಿಳಿ ಬಟ್ಟೆಯ ಗೃಹಸ್ಥರಿಗೆ ಇಂಥ ಬೋಧನೆಯನ್ನು ಸಾಮಾನ್ಯವಾಗಿ ಮಾಡುವುದಿಲ್ಲವೆಂಬ ಉತ್ತರ ಸಾರಿಪುತ್ತನಿಂದ ಬರುತ್ತದೆ. ಹಾಗಿದ್ದರೆ ಇನ್ನು ಮುಂದೆ ಮಾಡಿ, ಕಣ್ಣಲ್ಲಿ ಧೂಳು ಕಡಿಮೆಯಿರುವವರು ಗೃಹಸ್ಥರಲ್ಲೂ ಇದ್ದಾರೆ ಎಂದು ಅನಾಥಪಿಂಡಿಕ ಬೇಡಿಕೊಳ್ಳುತ್ತಾನೆ. ಈ ಬೇಡಿಕೆ ದೊಡ್ಡ ಪ್ರಮಾಣದಲ್ಲಿ ಈಡೇರಲು ಎಷ್ಟು ಕಾಲ ಬೇಕಾಯಿತೆಂದು ನಾನು ಆಗಾಗ ಯೋಚಿಸುತ್ತೇನೆ. ಗೃಹಸ್ಥರೂ ವಿಪಸ್ಸನಾ ಧ್ಯಾನದ ಅಭ್ಯಾಸ ಮಾಡಬೇಕೆಂದು ಬರ್ಮಾದ ಲೆಡಿ ಸಯಾಡೊ (1846–1923) ಒತ್ತಿ ಹೇಳಿದರು. ಅದೇ ನಾಡಿನ ಸರ್ಕಾರಿ ಲೆಕ್ಕಪತ್ರ ಇಲಾಖೆಯ ಉನ್ನತ ಅಧಿಕಾರಿಯಾಗಿದ್ದ ಊ ಬಾ ಖಿನ್ (1899–1971) ತಮ್ಮ ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸಿದ ಗೃಹಸ್ಥ. ಇಂದು ಲಕ್ಷಾಂತರ ಗೃಹಸ್ಥರು ಧ್ಯಾನ ಮಾಡುತ್ತಿದ್ದಾರೆ. ಆದರೆ ಅನಾಥಪಿಂಡಿಕ ಆ ಮಾತನ್ನು ಹೇಳಿದ್ದು ರೋಗಶಯ್ಯೆಯಿಂದ ಎಂಬುದನ್ನು, ಆರೋಗ್ಯವಂತರಿಗೆ ಮಾತ್ರ ಪಾಠ ಹೇಳುತ್ತಿದ್ದ ನಾನು ಮರೆತಿದ್ದೆ.

ಒಂದು ವಾರದ ಬಳಿಕ ಅಧ್ಯಾಪಕರ ಮನೆಗೆ ಮತ್ತೆ ಹೋದೆ. ಈ ಸಲ ಕ್ಷಮೆ ಕೇಳಿ, ಸುತ್ತದಲ್ಲಿರುವ ಪ್ರಶ್ನೆಯನ್ನೇ ನನ್ನ ಮಾತಿನಲ್ಲಿ ಕೇಳಿದೆ. ಅವರು ತುಂಡು ತುಂಡಾಗಿ ಹೇಳಿದ್ದನ್ನು ಕೇಳುತ್ತಾ ಕುಳಿತೆ. ಮೈಯಲ್ಲಿ ನೋವಿಲ್ಲದ, ನೆಮ್ಮದಿಯಾಗಿರುವ ಜಾಗ ಯಾವುದಾದರೂ ಇದೆಯೇ ಎಂದು ಕೇಳಿದಾಗ ಬಹಳ ಹೊತ್ತು ಯೋಚಿಸಿ, ಅಂಗೈ ಎಂದರು. ಹೊದಿಕೆಯ ಮೇಲಿದ್ದ ಅಂಗೈಗೆ ಬಟ್ಟೆಯ ಸ್ಪರ್ಶ, ಅದರ ಬಿಸುಪು, ಒರಟುತನ ತಿಳಿಯುತ್ತಿತ್ತು. ಅಲ್ಲಿಯೇ ಗಮನವಿಡಲು ಹೇಳಿದೆ. ಎರಡು ನಿಮಿಷ ಮಾತ್ರ. ಮುಂದಿನ ನಾಲ್ಕು ತಿಂಗಳು, ಅವರು ತೀರಿಕೊಳ್ಳುವವರೆಗೂ, ಅವರ ಧ್ಯಾನ ಆ ಅಂಗೈಯಲ್ಲೇ ನಡೆಯಿತು. ಕೆಲವು ದಿನ ಹೊರಗಿನ ಸದ್ದನ್ನು ಆಲಿಸುವುದು, ಕೆಲವು ದಿನ ಮಗಳ ಕೈಯನ್ನು ಹಿಡಿದು ಆ ಸ್ಪರ್ಶವನ್ನು ಗಮನಿಸುವುದು ಇರುತ್ತಿತ್ತು. ಉಸಿರಿನ ಮಾತನ್ನು ನಾನು ಎತ್ತಲಿಲ್ಲ. ಒಂದು ದಿನ ಅವರೇ, ಇವತ್ತು ಉಸಿರು ಹಗುರವಾಗಿದೆ, ಅದನ್ನೂ ಸ್ವಲ್ಪ ನೋಡಿದೆ ಎಂದರು.

ಹಾಸಿಗೆಯ ಪಕ್ಕದಲ್ಲಿ ಕಲಿತದ್ದು ಮೆಲ್ಲಗೆ ಧ್ಯಾನಮಂದಿರದ ಪಾಠವನ್ನೂ ಬದಲಿಸಿತು. ಅಂಗುತ್ತರ ನಿಕಾಯವೆಂಬ ಇನ್ನೊಂದು ಸಂಗ್ರಹದ ಒಂದು ಸುತ್ತದಲ್ಲಿ ಬುದ್ಧ ಉದಾಯಿಯೆಂಬ ಭಿಕ್ಖುವಿನ ವಿಷಯವಾಗಿ ಶಿಷ್ಯ ಆನಂದನೊಡನೆ ಮಾತನಾಡುತ್ತಾ, ಧರ್ಮವನ್ನು ಬೋಧಿಸುವವನು ತನ್ನಲ್ಲಿ ನೆಲೆಗೊಳಿಸಿಕೊಳ್ಳಬೇಕಾದ ಐದು ಸಂಗತಿಗಳನ್ನು ಹೇಳುತ್ತಾನೆ. ಅವು ಹಂತಹಂತವಾಗಿ ಹೇಳುವುದು, ಕಾರಣವನ್ನು ತೋರಿಸಿ ಹೇಳುವುದು, ಅನುಕಂಪದಿಂದ ಹೇಳುವುದು, ಲಾಭದ ಆಸೆಯಿಲ್ಲದೆ ಹೇಳುವುದು, ತನಗೂ ಪರರಿಗೂ ನೋವಾಗದಂತೆ ಹೇಳುವುದು. ಇವುಗಳಲ್ಲಿ ಮೊದಲನೆಯದೇ ನನಗೆ ಅತಿ ಕಠಿಣವಾಯಿತು. ಗೊತ್ತಿರುವುದನ್ನು ಹೇಳದೆ ತಡೆದುಕೊಳ್ಳುವುದು ದೊಡ್ಡ ಸಂಯಮವನ್ನೇ ಬೇಡುತ್ತದೆ. ಈಗ ಹೊಸಬರಿಗೆ ಮೊದಲ ದಿನ ಒಂದೇ ಸೂಚನೆಯನ್ನು ಕೊಡುತ್ತೇನೆ. ಹತ್ತು ನಿಮಿಷ ಕುಳಿತುಕೊಳ್ಳಿ, ದೇಹದಲ್ಲಿ ಸ್ಪಷ್ಟವಾಗಿ ತಿಳಿಯುವ ಯಾವುದಾದರೂ ಒಂದು ಸ್ಪರ್ಶವನ್ನು ಆರಿಸಿಕೊಳ್ಳಿ, ಗಮನ ಬೇರೆಡೆಗೆ ಹೋದದ್ದು ಗೊತ್ತಾದಾಗ ಅಲ್ಲಿಗೆ ಮರಳಿ. ಎರಡನೆಯ ವಾರ ನಡಿಗೆ. ಮೂರನೆಯ ವಾರ ನೋವಿನೊಡನೆ ಇರುವ ಬಗೆ. ಅಲುಗಾಡಬಾರದೆಂಬ ನಿಯಮವನ್ನು ತೆಗೆದುಹಾಕಿದೆ. ಅಲುಗಾಡಬೇಕೆಂಬ ಬಯಕೆಯನ್ನು ಮೊದಲು ಗಮನಿಸಿ, ಆಮೇಲೆ ಅಲುಗಾಡುವುದನ್ನೂ ಗಮನಿಸುತ್ತಾ ಅಲುಗಾಡಿ ಎನ್ನುತ್ತೇನೆ. ಕುರ್ಚಿಯಲ್ಲಿ ಕುಳಿತರೆ ಧ್ಯಾನಕ್ಕೆ ಏನೂ ಕೊರತೆಯಾಗುವುದಿಲ್ಲ. ಬೆನ್ನು ತನ್ನಷ್ಟಕ್ಕೆ ನಿಂತಿದ್ದರೆ ಸಾಕು.

ತೂಕಡಿಕೆಯ ವಿಷಯದಲ್ಲಿ ನಾನು ಮೊದಲು ಕಠೋರನಾಗಿದ್ದೆ. ಹಗಲೆಲ್ಲ ದುಡಿದು ಸಂಜೆ ಬಂದು ಕುಳಿತವರಿಗೆ ನಿದ್ರೆ ಬರುವುದು ದೇಹದ ಧರ್ಮ. ತೂಕಡಿಸುತ್ತಿದ್ದ ಶಿಷ್ಯ ಮೊಗ್ಗಲ್ಲಾನನಿಗೆ ಬುದ್ಧ ಹೇಳಿದ ಉಪಾಯಗಳು ಬಹಳ ಪ್ರಾಯೋಗಿಕವಾದವು. ಮನಸ್ಸಿನಲ್ಲಿರುವ ವಿಷಯವನ್ನು ಬದಲಿಸು, ಕಲಿತದ್ದನ್ನು ಮನನ ಮಾಡು, ಗಟ್ಟಿಯಾಗಿ ಪಠಿಸು, ಕಿವಿಯನ್ನು ಎಳೆದುಕೊಂಡು ಮೈಯನ್ನು ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಚ್ಚಿಕೊಂಡು ನಕ್ಷತ್ರಗಳನ್ನು ನೋಡು, ಬೆಳಕನ್ನು ಭಾವಿಸು, ನಡೆದಾಡು. ಇಷ್ಟಾದರೂ ಹೋಗದಿದ್ದರೆ ಬಲಮಗ್ಗುಲಿಗೆ, ಏಳುವ ಸಂಕಲ್ಪವಿಟ್ಟುಕೊಂಡು ಮಲಗು ಎಂಬುದು ಕೊನೆಯ ಉಪಾಯ. ಈ ಕೊನೆಯ ಉಪಾಯವನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಿದ್ರೆಗೆಟ್ಟ ತಾಯಂದಿರು, ರಾತ್ರಿ ಪಾಳಿಯ ದಾದಿಯರು ಎಷ್ಟೋ ಸಲ ಧ್ಯಾನಮಂದಿರಕ್ಕೆ ಬಂದು ಅರ್ಧ ಗಂಟೆ ನಿದ್ರಿಸಿ ಹೋಗಿದ್ದಾರೆ. ಆ ದಿನ ಅವರಿಗೆ ಬೇಕಾಗಿದ್ದದ್ದು ಅದೇ. ಇದಕ್ಕೆ ವಿರುದ್ಧವಾದ ತೊಂದರೆ ಅತಿಯಾದ ಪ್ರಯತ್ನದಿಂದ ಬರುತ್ತದೆ. ಅಂಗಾಲು ಒಡೆದು ರಕ್ತ ಬರುವವರೆಗೂ ನಡಿಗೆಯ ಧ್ಯಾನ ಮಾಡಿದ ಸೋಣನೆಂಬ ಭಿಕ್ಖುವನ್ನು, ವೀಣೆಯ ತಂತಿಯನ್ನು ಅತಿಯಾಗಿ ಬಿಗಿದರೆ ನಾದ ಬರುತ್ತಿತ್ತೇ, ಅತಿಯಾಗಿ ಸಡಿಲಿಸಿದರೆ ಬರುತ್ತಿತ್ತೇ ಎಂದು ಬುದ್ಧ ಕೇಳಿದ ಪ್ರಸಂಗ ಪ್ರಸಿದ್ಧವಾದದ್ದು. ಸೋಣ ಸ್ವತಃ ವೀಣೆಯನ್ನು ನುಡಿಸಬಲ್ಲವನಾಗಿದ್ದ ಎಂಬುದನ್ನು ಬೋಧಿಸುವವರು ಗಮನಿಸಬೇಕು. ಎದುರಿಗಿರುವವನಿಗೆ ಆಗಲೇ ಗೊತ್ತಿರುವ ಕೆಲಸದಿಂದಲೇ ಉಪಮೆ ಹುಟ್ಟಬೇಕು. ದಾದಿಯೊಬ್ಬರಿಗೆ ನಾನು ನಾಡಿಯನ್ನು ನೋಡುವ ಬೆರಳಿನ ಒತ್ತಡದ ಉಪಮೆಯನ್ನು ಕೊಟ್ಟಿದ್ದೇನೆ. ಹೆಚ್ಚು ಒತ್ತಿದರೂ ನಾಡಿ ಸಿಗದು, ಒತ್ತದಿದ್ದರೂ ಸಿಗದು.

ವರದಿಯನ್ನು ಕೇಳುವ ಕ್ರಮವೂ ಬದಲಾಯಿತು. ಧ್ಯಾನ ಹೇಗಾಯಿತು ಎಂದು ಕೇಳಿದರೆ ಜನ ಚೆನ್ನಾಗಿತ್ತು ಅಥವಾ ಸರಿಯಾಗಲಿಲ್ಲ ಎಂಬ ತೀರ್ಪನ್ನು ಹೇಳುತ್ತಾರೆ, ಅದರಿಂದ ಕಲಿಸುವವನಿಗೆ ಏನೂ ತಿಳಿಯುವುದಿಲ್ಲ. ಮನಸ್ಸು ಹೊರಗೆ ಹೋಗಿದೆ ಎಂದು ಗೊತ್ತಾದ ಕ್ಷಣದಲ್ಲಿ ನಿಮ್ಮೊಳಗೆ ಏನಾಯಿತು ಎಂದು ಈಗ ಕೇಳುತ್ತೇನೆ. ಹತ್ತರಲ್ಲಿ ಎಂಟು ಜನ, ಆ ಕ್ಷಣದಲ್ಲಿ ತಮ್ಮನ್ನು ತಾವು ಬೈದುಕೊಂಡದ್ದನ್ನು ಹೇಳುತ್ತಾರೆ. ಅಲ್ಲಿಂದ ಪಾಠ ಮುಂದುವರಿಯುತ್ತದೆ. ಆ ಬೈಗುಳವೂ ಒಂದು ಯೋಚನೆ, ಅದನ್ನೂ ಗುರುತಿಸಿ ಮರಳಬಹುದು ಎಂಬುದು ತಿಳಿದವರ ಮುಖದಲ್ಲಿ ಕಾಣುವ ಬಿಡುಗಡೆಯೇ ಬೇರೆ. ವರದಿಯನ್ನು ಕೇಳುವಾಗ ಬಾಗಿಲು ತೆರೆದಿರುತ್ತದೆ, ಇನ್ನೊಬ್ಬರು ಕಣ್ಣಿಗೆ ಕಾಣುವಷ್ಟು ಹತ್ತಿರ ಕುಳಿತಿರುತ್ತಾರೆ. ಸ್ತ್ರೀಯೊಬ್ಬಳೊಡನೆ ಭಿಕ್ಖು ಏಕಾಂತದಲ್ಲಿ ಕೂರಬಾರದೆಂಬ ವಿನಯದ ನಿಯಮ ಇದಕ್ಕೆ ಮೂಲ. ಸ್ತ್ರೀಯಾಗಲಿ ಪುರುಷನಾಗಲಿ, ಎಲ್ಲರ ವಿಷಯದಲ್ಲೂ ನಾನು ಹಾಗೆಯೇ ನಡೆದುಕೊಳ್ಳುತ್ತೇನೆ. ಗುರುವಿನ ಮುಂದೆ ಮನಸ್ಸನ್ನು ಬಿಚ್ಚಿಡುವವರು ಬಹಳ ಮೃದುವಾದ ಸ್ಥಿತಿಯಲ್ಲಿರುತ್ತಾರೆ, ಅವರ ರಕ್ಷಣೆ ಗುರುವಿನ ಸದ್ಗುಣವೊಂದನ್ನೇ ನಂಬಿಕೊಂಡಿರಬಾರದು.

ಇನ್ನು ನಾನು ಬರೆಯಲೇಬೇಕಾದ ಒಂದು ಘಟನೆಯಿದೆ. ಏಳು ದಿನಗಳ ಮೌನ ಶಿಬಿರವೊಂದರಲ್ಲಿ ಒಬ್ಬ ಯುವಕ ನಾಲ್ಕನೆಯ ದಿನ ಬಂದು, ರಾತ್ರಿ ನಿದ್ರೆ ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಹಿಂದೆ ನಡೆದ ಒಂದು ಅಪಘಾತ ಮತ್ತೆ ಮತ್ತೆ ಕಾಣುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದ. ಏಳುವುದೆಲ್ಲ ಅಳಿಯುತ್ತದೆ, ಗಮನಿಸುತ್ತಾ ಮುಂದುವರಿ ಎಂದು ನಾನು ಹೇಳಿಬಿಟ್ಟೆ. ಅವನು ಮುಂದುವರಿಸಿದ. ಐದನೆಯ ರಾತ್ರಿ ಅವನಿಗೆ ತಾನು ಎಲ್ಲಿದ್ದೇನೆಂಬುದೇ ತಿಳಿಯದಂತಾಗಿ, ಇಡೀ ರಾತ್ರಿ ಇಬ್ಬರು ಅವನ ಜೊತೆಯಲ್ಲಿ ಕುಳಿತಿರಬೇಕಾಯಿತು. ಬೆಳಗ್ಗೆ ವೈದ್ಯರ ಬಳಿಗೆ ಕರೆದೊಯ್ದೆವು. ಚಿಕಿತ್ಸೆಯಿಂದ ಅವನು ಚೇತರಿಸಿಕೊಂಡ. ಅವನು ಮುಂದುವರಿದದ್ದು ನನ್ನ ಮಾತಿನಿಂದ. ಆ ತಪ್ಪು ನನ್ನದು.

ಧ್ಯಾನದಿಂದ ಯಾರಿಗೂ ಕೇಡಾಗದು ಎಂದು ನಂಬುವವರು ವಿನಯಪಿಟಕದಲ್ಲೂ ಸಂಯುತ್ತ ನಿಕಾಯದಲ್ಲೂ ಬರುವ ವೇಸಾಲಿಯ ಪ್ರಸಂಗವನ್ನು ಓದಬೇಕು. ಬುದ್ಧ ದೇಹದ ಅಶುಭ ಭಾವನೆಯನ್ನು, ಅಂದರೆ ದೇಹವನ್ನು ಅಸಹ್ಯವೆಂದು ನೋಡುವ ಧ್ಯಾನವನ್ನು, ಹೊಗಳಿ, ಅರ್ಧ ತಿಂಗಳ ಏಕಾಂತಕ್ಕೆ ಹೋಗಿದ್ದ. ಆ ಭಾವನೆಯಲ್ಲಿ ಮುಳುಗಿದ ಭಿಕ್ಖುಗಳಲ್ಲಿ ಅನೇಕರು ತಮ್ಮ ದೇಹದ ಬಗ್ಗೆಯೇ ಜುಗುಪ್ಸೆಗೊಂಡು ಪ್ರಾಣವನ್ನು ಕಳೆದುಕೊಂಡಿದ್ದರು. ಮರಳಿ ಬಂದ ಬುದ್ಧನಿಗೆ ಆನಂದ ವಿಷಯವನ್ನು ತಿಳಿಸಿ, ಬೇರೆ ಮಾರ್ಗವೊಂದನ್ನು ಹೇಳಬೇಕೆಂದು ಪ್ರಾರ್ಥಿಸಿದ. ಆಗ ಬುದ್ಧ ಬೋಧಿಸಿದ್ದು ಶಾಂತವೂ ಸುಖಕರವೂ ಆದ ಆನಾಪಾನಸತಿಯನ್ನು. ಪರಂಪರೆ ಈ ಕಹಿ ನೆನಪನ್ನು ಮುಚ್ಚಿಡದೆ ಉಳಿಸಿಕೊಂಡು ಬಂದಿದೆ. ಒಬ್ಬನಿಗೆ ಔಷಧವಾದದ್ದು ಇನ್ನೊಬ್ಬನಿಗೆ ಆಗುವುದಿಲ್ಲ, ಅಧ್ಯಾಪಕರ ವಿಷಯದಲ್ಲಿ ಕಂಡಂತೆ ಉಸಿರು ಕೂಡ ಎಲ್ಲರಿಗೂ ಎಲ್ಲ ಕಾಲಕ್ಕೂ ಔಷಧವಲ್ಲ.

ಅಂದಿನಿಂದ ಶಿಬಿರಕ್ಕೆ ಬರುವ ಪ್ರತಿಯೊಬ್ಬರೊಡನೆಯೂ ಮುಂಚೆಯೇ ಮಾತನಾಡುತ್ತೇನೆ. ನಿದ್ರೆ ಹೇಗಿದೆ, ಯಾವ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದಾರೆ, ಇತ್ತೀಚೆಗೆ ಹತ್ತಿರದವರು ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಕೇಳುತ್ತೇನೆ. ವೈದ್ಯರು ಕೊಟ್ಟ ಔಷಧಿಯನ್ನು ಶಿಬಿರಕ್ಕಾಗಿ ನಿಲ್ಲಿಸಲು ಯಾರಿಗೂ ಬಿಡುವುದಿಲ್ಲ. ಹೊಸದಾಗಿ ಶೋಕದಲ್ಲಿರುವವರಿಗೆ ದೀರ್ಘ ಮೌನ ಬೇಡ, ದಿನಕ್ಕೆ ಹತ್ತು ನಿಮಿಷ ಸಾಕು ಎನ್ನುತ್ತೇನೆ. ಮಧ್ಯದಲ್ಲಿ ಯಾರಿಗಾದರೂ ದಿಗಿಲಾದರೆ ಕಣ್ಣು ತೆರೆಯಿಸಿ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಲು ಹೇಳಿ, ಜೊತೆಯಲ್ಲಿ ನಡೆದಾಡಿಸಿ, ಮಾತನಾಡಿಸುತ್ತೇನೆ. ಕುಳಿತು ಮಾಡುವ ಅಭ್ಯಾಸವನ್ನು ಆ ದಿನಕ್ಕೆ ನಿಲ್ಲಿಸಿ, ಅಂಗಳ ಗುಡಿಸುವಂಥ ಕೈಕೆಲಸವನ್ನು ಕೊಡುತ್ತೇನೆ. ಅದರಿಂದಲೂ ಹಿಡಿತಕ್ಕೆ ಬಾರದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಕಳಿಸುತ್ತೇನೆ.

ಅಧ್ಯಾಪಕರು ತೀರಿಕೊಂಡ ಮೇಲೆ ಅವರ ಮಗಳೇ, ಹೀಗೆ ಮಲಗಿರುವವರು ಇನ್ನೂ ಎಷ್ಟೋ ಜನರಿದ್ದಾರೆ ಎಂದರು. ರೋಗಿಗಳ ಬಳಿಗೆ ಹೋಗಿ ಕೂರುವ ನಮ್ಮ ಕೆಲಸ ಅಲ್ಲಿಂದ ಆರಂಭವಾಯಿತು. ಇದಕ್ಕೆ ಆಧಾರವಾಗಿ ನಾವು ಹಿಡಿದುಕೊಂಡದ್ದು ವಿನಯದ ಮಹಾವಗ್ಗವೆಂಬ ಭಾಗದ ಒಂದು ಪ್ರಸಂಗ. ಅತಿಸಾರದಿಂದ ಬಳಲಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವೊಬ್ಬನನ್ನು ಕಂಡ ಬುದ್ಧ, ಆನಂದನಿಂದ ನೀರು ತರಿಸಿ, ತಾನು ನೀರು ಹೊಯ್ಯುತ್ತಾ ಆನಂದನಿಂದ ತೊಳೆಸಿ, ತಲೆಯ ಕಡೆ ತಾನೂ ಕಾಲಿನ ಕಡೆ ಆನಂದನೂ ಹಿಡಿದು ಅವನನ್ನು ಮಂಚದ ಮೇಲೆ ಮಲಗಿಸಿದ. ಆಮೇಲೆ ಸಂಘವನ್ನು ಸೇರಿಸಿ, ನಿಮಗೆ ತಾಯಿಯೂ ಇಲ್ಲ ತಂದೆಯೂ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡಿಕೊಳ್ಳುತ್ತಾರೆ, ನನ್ನನ್ನು ಉಪಚರಿಸಬಯಸುವವನು ರೋಗಿಯನ್ನು ಉಪಚರಿಸಲಿ ಎಂದ. ಈ ಕೊನೆಯ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಪ್ರಸಂಗದಲ್ಲಿ ಮುಂದೆ ಬರುವ, ರೋಗಿಯನ್ನು ನೋಡಿಕೊಳ್ಳಲು ಯಾರು ಯೋಗ್ಯರೆಂಬ ಐದು ಅಂಶಗಳನ್ನು ನೆನೆಯುವವರು ಕಡಿಮೆ. ಔಷಧವನ್ನು ಸಿದ್ಧಪಡಿಸಲು ಬಲ್ಲವನು, ರೋಗಿಗೆ ಒಗ್ಗುವುದನ್ನೂ ಒಗ್ಗದ್ದನ್ನೂ ಅರಿತವನು, ಲಾಭಕ್ಕಾಗಿ ಅಲ್ಲದೆ ಮೈತ್ರಿಯಿಂದ ಉಪಚರಿಸುವವನು, ಮಲ, ಮೂತ್ರ, ಕಫ, ವಾಂತಿಗಳಿಗೆ ಹೇಸದವನು, ಸಮಯವರಿತು ಧರ್ಮದ ಮಾತಿನಿಂದ ಧೈರ್ಯ ತುಂಬಬಲ್ಲವನು. ಧರ್ಮದ ಮಾತು ಐದನೆಯ ಸ್ಥಾನದಲ್ಲಿ, ಅದೂ ಸಮಯವರಿತು ಎಂಬ ಷರತ್ತಿನೊಡನೆ ಬರುತ್ತದೆ. ನಾನು ಅಧ್ಯಾಪಕರ ಮನೆಯಲ್ಲಿ ಐದನೆಯದರಿಂದ ಆರಂಭಿಸಿದ್ದೆ.

ನಮ್ಮ ಗುಂಪಿನಲ್ಲಿ ಧ್ಯಾನಾಭ್ಯಾಸಿಗಳಾದ ಗೃಹಸ್ಥರೇ ಹೆಚ್ಚು. ಒಬ್ಬರೇ ಹೋಗುವುದಿಲ್ಲ, ಇಬ್ಬಿಬ್ಬರಾಗಿ ಹೋಗುತ್ತಾರೆ. ಮನೆಯವರ ಮತ್ತು ವೈದ್ಯರ ಒಪ್ಪಿಗೆ ಮೊದಲು ಬೇಕು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದು ಬೇಡ, ರೋಗಿ ದಣಿದಿದ್ದರೆ ಐದೇ ನಿಮಿಷ. ಗುಣವಾಗುತ್ತದೆ ಎಂಬ ಭರವಸೆಯನ್ನು ಕೊಡುವುದಿಲ್ಲ. ರೋಗಿಯ ನಂಬಿಕೆ ಯಾವುದಿದ್ದರೂ ಅದರ ಬಗ್ಗೆ ಚರ್ಚೆಯಿಲ್ಲ. ಅವರಿಗೆ ಪ್ರಿಯವಾದ ಪ್ರಾರ್ಥನೆ ಇದ್ದರೆ ಅದನ್ನೇ ನಿಧಾನವಾಗಿ ಹೇಳಲು ಜೊತೆಗಿರುತ್ತೇವೆ. ಬಹಳಷ್ಟು ಸಲ ಧ್ಯಾನದ ಮಾತೇ ಬರುವುದಿಲ್ಲ. ದಿಂಬು ಸರಿಪಡಿಸುವುದು, ತುಟಿಗೆ ನೀರು ತಾಗಿಸುವುದು, ರಾತ್ರಿಯಿಡೀ ಎಚ್ಚರವಾಗಿದ್ದ ಮಗನನ್ನೋ ಸೊಸೆಯನ್ನೋ ಒಂದು ಗಂಟೆ ಮಲಗಲು ಕಳಿಸುವುದು, ಇಷ್ಟರಲ್ಲೇ ಭೇಟಿ ಮುಗಿಯುತ್ತದೆ. ಹೊರಗೆ ಬಂದ ಮೇಲೆ ಇಬ್ಬರೂ ಎಲ್ಲಾದರೂ ಕುಳಿತು ಹತ್ತು ನಿಮಿಷ ತಮ್ಮ ಮನಸ್ಸನ್ನು ನೋಡಿಕೊಳ್ಳುತ್ತಾರೆ. ಈ ಕೊನೆಯ ನಿಯಮವನ್ನು ನಾನು ಎಲ್ಲರೂ ಪಾಲಿಸುವಂತೆ ಬಹಳ ಒತ್ತಾಯ ಮಾಡುತ್ತೇನೆ, ಏಕೆಂದರೆ ಕಂಡ ಸಂಕಟವನ್ನು ಹಾಗೆಯೇ ಮನೆಗೆ ಹೊತ್ತುಕೊಂಡು ಹೋದವರು ಕೆಲವೇ ತಿಂಗಳಲ್ಲಿ ಬರುವುದನ್ನು ನಿಲ್ಲಿಸುತ್ತಾರೆ.

ಸಂಯುತ್ತ ನಿಕಾಯದ ಸೇದಕ ಸುತ್ತದಲ್ಲಿ ಬಿದಿರ ಗಳುವಿನ ಮೇಲೆ ಆಟವಾಡುವ ಗುರುಶಿಷ್ಯರ ಕಥೆಯಿದೆ. ನೀನು ನನ್ನನ್ನು ಕಾಪಾಡು, ನಾನು ನಿನ್ನನ್ನು ಕಾಪಾಡುತ್ತೇನೆ ಎಂದು ಗುರು ಹೇಳಿದರೆ, ಇಬ್ಬರೂ ತಮ್ಮ ತಮ್ಮ ಸಮತೋಲವನ್ನು ಕಾಪಾಡಿಕೊಳ್ಳೋಣ ಎಂದು ಶಿಷ್ಯ ಹೇಳುತ್ತಾನೆ. ಬುದ್ಧ ಶಿಷ್ಯನ ಮಾತನ್ನು ಒಪ್ಪಿ, ಅಲ್ಲಿಗೇ ನಿಲ್ಲದೆ, ತನ್ನನ್ನು ಕಾಪಾಡಿಕೊಳ್ಳುವವನು ಪರರನ್ನು ಕಾಪಾಡುತ್ತಾನೆ, ಪರರನ್ನು ಕಾಪಾಡುವವನು ತನ್ನನ್ನು ಕಾಪಾಡಿಕೊಳ್ಳುತ್ತಾನೆ ಎನ್ನುತ್ತಾನೆ. ತನ್ನನ್ನು ಕಾಪಾಡಿಕೊಳ್ಳುವುದು ಧ್ಯಾನಾಭ್ಯಾಸದಿಂದ, ಪರರನ್ನು ಕಾಪಾಡುವುದು ಸಹನೆ, ಅಹಿಂಸೆ, ಮೈತ್ರಿ, ಅನುಕಂಪಗಳಿಂದ. ನಮ್ಮ ಗುಂಪಿನವರ ವರದಿಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರ್ಷಗಟ್ಟಲೆ ಕುಳಿತರೂ ಕಾಲುನೋವಿನೊಡನೆ ಜಗಳವಾಡುತ್ತಿದ್ದ ಒಬ್ಬರು, ಆರು ತಿಂಗಳು ಒಬ್ಬ ಪಾರ್ಶ್ವವಾಯು ರೋಗಿಯ ಕಾಲುಗಳನ್ನು ಒತ್ತಿದ ಮೇಲೆ, ಈಗ ನನ್ನ ಕಾಲಿನ ನೋವನ್ನು ಅವರ ಕಾಲನ್ನು ಮುಟ್ಟುವ ಹಾಗೆ ಮುಟ್ಟುತ್ತಿದ್ದೇನೆ ಎಂದರು. ನಾನು ಎಷ್ಟು ಪ್ರವಚನ ಮಾಡಿದ್ದರೂ ಅವರಿಗೆ ಇದನ್ನು ಕಲಿಸಲಾಗುತ್ತಿರಲಿಲ್ಲ.

ಸುಖವಾಗಿರಲಿ ಎಂದು ಹಾರೈಸುವ ಮೈತ್ರಿ ಭಾವನೆಯ ಧ್ಯಾನವನ್ನು ಕಲಿಸುವಾಗ 5ನೆಯ ಶತಮಾನದ ವ್ಯಾಖ್ಯಾನಕಾರ ಬುದ್ಧಘೋಷ ವಿಸುದ್ಧಿಮಗ್ಗ ಎಂಬ ಗ್ರಂಥದಲ್ಲಿ ಹೇಳಿದ ಕ್ರಮವನ್ನೇ ಅನುಸರಿಸುತ್ತೇನೆ. ಮೊದಲು ತನಗೆ, ಬಳಿಕ ಗೌರವಕ್ಕೆ ಪಾತ್ರರಾದ ಗುರುಸಮಾನರಿಗೆ, ಆಮೇಲೆ ಅತಿ ಪ್ರಿಯರಿಗೆ, ನಂತರ ಪ್ರಿಯರೂ ಅಲ್ಲದ ವೈರಿಗಳೂ ಅಲ್ಲದ ತಟಸ್ಥರಿಗೆ, ಕೊನೆಗೆ ವೈರವಿರುವವರಿಗೆ. ತೀರಿಕೊಂಡವರನ್ನು ಮೈತ್ರಿ ಭಾವನೆಗೆ ವಿಷಯವಾಗಿಸಬಾರದೆಂದು ಅಲ್ಲಿ ಹೇಳಿದೆ. ಮೊದಮೊದಲು ನನಗೆ ಇದು ಕಠೋರವೆನಿಸಿತ್ತು. ಶೋಕದಲ್ಲಿರುವವರೊಡನೆ ಕೆಲಸ ಮಾಡುತ್ತಾ ಇದರ ವಿವೇಕ ನನಗೆ ತಿಳಿಯಿತು. ಹೋದವರ ಮುಖವನ್ನು ಮನಸ್ಸಿನಲ್ಲಿ ತಂದುಕೊಂಡು ಅವರು ಸುಖವಾಗಿರಲಿ ಎನ್ನಲು ಹೊರಟವರು ಹಂಬಲದಲ್ಲಿ ಕರಗಿಹೋಗುತ್ತಾರೆ. ಅವರ ನೆನಪಿನಲ್ಲಿ ದಾನವನ್ನೋ ಸೇವೆಯನ್ನೋ ಮಾಡಿ ಆ ಪುಣ್ಯವನ್ನು ಅವರಿಗೆ ಅರ್ಪಿಸಿ ಎಂದು ಪರಂಪರೆ ತೋರಿಸುವ ದಾರಿ ಕೈಗೆ ಕೆಲಸವನ್ನು ಕೊಡುತ್ತದೆ. ಅಧ್ಯಾಪಕರ ಮಗಳು ಈಗಲೂ ವಾರಕ್ಕೊಂದು ಮಧ್ಯಾಹ್ನವನ್ನು ಹಾಗೆ ಅರ್ಪಿಸುತ್ತಾರೆ.

ಹಣದ ವಿಷಯ ಸರಳವಾದದ್ದು. ಭಿಕ್ಖು ಹಣವನ್ನು ಸ್ವೀಕರಿಸುವಂತಿಲ್ಲ, ಧ್ಯಾನಪಾಠಕ್ಕೆ ಶುಲ್ಕವಿಲ್ಲ, ಬಂದ ದಾನದ ಲೆಕ್ಕವನ್ನು ಗೃಹಸ್ಥರ ಸಮಿತಿ ನೋಡಿಕೊಳ್ಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಬೇರೆ ಬೇಡಿಕೆಗಳು. ಶುಭ ಮುಹೂರ್ತ ಹೇಳಿ, ರಕ್ಷೆ ಕಟ್ಟಿ, ಅಪ್ಪನಿಗೆ ಎಷ್ಟು ದಿನ ಆಯುಸ್ಸಿದೆ ನೋಡಿ ಎಂದು ಜನ ಕೇಳುತ್ತಾರೆ. ಭವಿಷ್ಯ ಹೇಳಿ ಜೀವಿಸುವುದು ಭಿಕ್ಖುವಿಗೆ ನಿಷಿದ್ಧವೆಂದು ವಿವರಿಸುವುದರ ಜೊತೆಗೆ, ಆ ಪ್ರಶ್ನೆಯ ಹಿಂದಿರುವ ಅಂಜಿಕೆಯನ್ನು ಕೇಳಿಸಿಕೊಳ್ಳಲು ಪ್ರಯತ್ನಿಸುತ್ತೇನೆ. ನೀವು ಯಾವ ಮಟ್ಟವನ್ನು ತಲುಪಿದ್ದೀರಿ ಎಂದು ಕೇಳುವವರೂ ಇದ್ದಾರೆ. ಇಲ್ಲದ ಸಿದ್ಧಿಯನ್ನು ಬೇಕೆಂದೇ ಹೇಳಿಕೊಂಡ ಭಿಕ್ಖು ಆ ಕ್ಷಣದಲ್ಲೇ ಭಿಕ್ಖುತ್ವವನ್ನು ಕಳೆದುಕೊಳ್ಳುತ್ತಾನೆ, ಇರುವ ಸಿದ್ಧಿಯನ್ನು ಗೃಹಸ್ಥರಿಗೆ ಹೇಳುವುದೂ ದೋಷವೇ. ಹೀಗಾಗಿ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಧ್ಯಾನವನ್ನು ಕಲಿಸುವವರೆಲ್ಲರಿಗೂ, ಅವರು ಭಿಕ್ಖುಗಳಾಗಿರಲಿ ಬಿಡಲಿ, ಈ ಮೌನ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲದ ಮೂರು ತಿಂಗಳ ವರ್ಷಾವಾಸದಲ್ಲಿ ಒಂದು ತಿಂಗಳು ನಾನು ಯಾರಿಗೂ ಕಲಿಸುವುದಿಲ್ಲ, ನನ್ನ ಅಭ್ಯಾಸವನ್ನಷ್ಟೇ ಮಾಡುತ್ತೇನೆ. ಆ ತಿಂಗಳಿಲ್ಲದಿದ್ದರೆ ಉಳಿದ ಹನ್ನೊಂದು ತಿಂಗಳು ಮಾತು ಟೊಳ್ಳಾಗುತ್ತದೆ. ವರ್ಷಾವಾಸದ ಕೊನೆಯಲ್ಲಿ ಪವಾರಣೆಯೆಂಬ ವಿಧಿಯಿದೆ. ನನ್ನಲ್ಲಿ ಕಂಡ, ಕೇಳಿದ ಅಥವಾ ಶಂಕಿಸಿದ ದೋಷವೇನಾದರೂ ಇದ್ದರೆ ಅನುಕಂಪದಿಂದ ಹೇಳಿ ಎಂದು ಪ್ರತಿಯೊಬ್ಬ ಭಿಕ್ಖುವೂ, ಹಿರಿಯನಿಂದ ಮೊದಲ್ಗೊಂಡು, ಸಂಘವನ್ನು ಬೇಡಿಕೊಳ್ಳುತ್ತಾನೆ. ಒಂದು ವರ್ಷ, ವಿಧಿ ಮುಗಿದ ಮೇಲೆ, ನನಗಿಂತ ಬಹಳ ಕಿರಿಯ ಭಿಕ್ಖುವೊಬ್ಬರು ಬಂದು ನಮಸ್ಕರಿಸಿ, “ಭಂತೆ, ಜನ ಅಳಲು ಶುರುಮಾಡಿದ ಕೂಡಲೇ ನೀವು ಮಾತನಾಡಲು ಶುರುಮಾಡುತ್ತೀರಿ” ಎಂದರು. ಆ ಮಾತು ನಿಜವಾಗಿತ್ತು. ಆಮೇಲಿನ ಒಂದು ವರ್ಷ ಯಾರಾದರೂ ಅತ್ತಾಗ ಅವರ ಅಳು ತಾನಾಗಿ ನಿಲ್ಲುವವರೆಗೂ ಬಾಯಿ ತೆರೆಯದಿರುವುದನ್ನೇ ನನ್ನ ಅಭ್ಯಾಸವಾಗಿಸಿಕೊಂಡೆ. ನನ್ನ ಮೌನ ಶಿಬಿರಗಳಿಗಿಂತ ಅದು ಕಷ್ಟದ್ದಾಗಿತ್ತು.

ಮೂರು ವರ್ಷಗಳ ಹಿಂದೆ ನನ್ನ ಗುರುಗಳು ಹಾಸಿಗೆ ಹಿಡಿದರು. ಬೆನ್ನುಮೂಳೆಯ ತೊಂದರೆಯಿಂದ ಅವರಿಗೆ ಕೂರಲು ಆಗುತ್ತಿರಲಿಲ್ಲ. ಅರವತ್ತು ವರ್ಷಗಳ ಕಾಲ ಒಂದು ದಿನವೂ ತಪ್ಪದೆ ಕುಳಿತವರು ಅವರು. ಒಂದು ಸಂಜೆ ಅವರ ಕಾಲುಗಳನ್ನು ಒರೆಸುತ್ತಿದ್ದಾಗ, ನನಗೆ ಧ್ಯಾನದ ಸೂಚನೆಯನ್ನು ಕೊಡು ಎಂದರು. ನಾನು ತಡವರಿಸಿದೆ. ಆಗ ಅವರು ಆ ಸೇಖಿಯ ನಿಯಮವನ್ನು ಪಾಲಿಯಲ್ಲಿ ನಿಧಾನವಾಗಿ ಉಚ್ಚರಿಸಿ, ‘ಅಗಿಲಾನಸ್ಸ’ ಎಂಬಲ್ಲಿ ನಿಲ್ಲಿಸಿ ನನ್ನ ಮುಖವನ್ನು ನೋಡಿದರು. ನೋವು ಇಳಿಯುತ್ತಿದೆಯೇ ಏರುತ್ತಿದೆಯೇ ಎಂದು ನಾನು ಕೇಳಿದೆ. ಏರುತ್ತಿದೆ ಎಂದರು. ನೋವಿಲ್ಲದ ಜಾಗ ಯಾವುದು ಎಂದು ಕೇಳಿದೆ. ಬಲಗೈಯ ಬೆರಳುಗಳು ಎಂದರು. ಅವರು ಗಮನವನ್ನು ಅಲ್ಲಿಟ್ಟರು, ನಾನು ಆ ಬೆರಳುಗಳ ಕೆಳಗೆ ನನ್ನ ಅಂಗೈಯನ್ನಿಟ್ಟು ಕುಳಿತೆ.

ಅವರು ತೀರಿಕೊಂಡ ವರ್ಷವೇ ನಮ್ಮ ಧ್ಯಾನಮಂದಿರದ ಹಿಂಬದಿಯ ಗೋಡೆಯ ಉದ್ದಕ್ಕೂ ಮೂರು ಮಂಚಗಳನ್ನು ಹಾಕಿಸಿದೆವು. ಕೂರಲಾಗದವರು ಬಂದು ಅಲ್ಲಿ ಮಲಗುತ್ತಾರೆ. ಸಂಜೆಯ ಪಾಠದಲ್ಲಿ ನಾನು ಮೊದಲು ಆ ಮಂಚಗಳ ಬಳಿಗೆ ಹೋಗಿ, ಇವತ್ತು ನೋವು ಹೇಗಿದೆ ಎಂದು ಒಬ್ಬೊಬ್ಬರನ್ನೂ ಕೇಳಿ, ಆಮೇಲೆ ಗಂಟೆಯನ್ನು ಬಾರಿಸುತ್ತೇನೆ.